ಮೈಸೂರು, ಶ್ರೀರಂಗಪಟ್ಟಣದ ಹಳೇ ಚರ್ಚುಗಳು: ಯಾವಾಗ ಹೋದರೆ ಸರಿ?

ಪ್ರಶ್ನೆ: ಮಂಡ್ಯದಿಂದ ಅಮ್ಮನನ್ನೂ ಕರೆದುಕೊಂಡು ಹೊರಟಿದ್ದೇವೆ. ನಾವು ಕ್ರೈಸ್ತರಲ್ಲ. ಒಳಗೆ ಬಿಡ್ತಾರಾ? ಅಮ್ಮನಿಗೆ ಮಂಡಿನೋವು ಬೇರೆ. ಗೊತ್ತಿರೋರು ತಿಳಿಸಿ.

ಅಶೋಕ ರಸ್ತೆ ಕಡೆಯವರು: ಸಂತ ಫಿಲೋಮಿನಾ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು. ಪೂಜೆ ನಡೆಯುವಾಗ ಮಾತ್ರ ಸುತ್ತಾಡಬಾರದು. ಹಾಗಾಗಿ ಭಾನುವಾರ ಬೆಳಿಗ್ಗೆ ಬೇಡ, ವಾರದ ದಿನ ಬನ್ನಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಕಟ್ಟಡ ಇದು. ಗೋಪುರಗಳು 175 ಅಡಿ. ಬುಡದಲ್ಲಿ ನಿಂತು ಫೋಟೋ ತೆಗೆದರೆ ಎರಡೂ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತವೆ, ಗೇಟಿನ ತನಕ ಹಿಂದೆ ಸರಿಯಿರಿ. ಒಳಗೆ ಕ್ಯಾಮೆರಾ ಬೇಡ.

ಬಣ್ಣದ ಗಾಜಿಗೆ ಹೊರಗಿನಿಂದ ಬಿಸಿಲು ಬೀಳಬೇಕು, ಆಗಲೇ ಒಳಗೆ ಬಣ್ಣ ಏಳೋದು. ನೆತ್ತಿ ಮೇಲೆ ಸೂರ್ಯ ಬಂದಾಗ ಸಪ್ಪೆ, ಕತ್ತಲಾದ ಮೇಲೆ ಬರೀ ಕಪ್ಪು. ಬೆಳಿಗ್ಗೆ ಒಂದು ಬದಿ ಚೆಂದ, ಸಂಜೆ ಇನ್ನೊಂದು ಬದಿ. ಪೀಠದ ಕೆಳಗಿನ ನೆಲಮಾಳಿಗೆಗೆ ಮೆಟ್ಟಿಲಿಳಿಯಬೇಕು. ಹೊರಬರುವ ದಾರಿ ಇಕ್ಕಟ್ಟು, ಗೋಡೆ ತುಂಬ ಹೆಸರು ಕೆತ್ತಿದ ಕಲ್ಲುಗಳು. ಹಿಂದೆ ಜನ ಇದ್ದರೆ ನಿಂತು ಸುಧಾರಿಸಿಕೊಳ್ಳೋಕೆ ಆಗಲ್ಲ. ಅಮ್ಮನವರು ಮೇಲೆ ಬೆಂಚಿನಲ್ಲೇ ಕೂತಿರಲಿ.

ಶ್ರೀರಂಗಪಟ್ಟಣದವರು: ಎಲ್ಲರೂ ಫಿಲೋಮಿನಾ ಅಂತಾರೆ. ನನ್ನ ಕೇಳಿದರೆ ಮೊದಲು ಇಲ್ಲಿ ಇಳಿಯಿರಿ, ಹೇಗೂ ನಿಮಗೆ ದಾರಿಯಲ್ಲೇ ಸಿಗುತ್ತೆ. ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದುಬಾಯ್ 1800ರಲ್ಲಿ ಕಟ್ಟಿಸಿದ ಚಿಕ್ಕ ಚರ್ಚು ಇದೆ. ಇಲ್ಲಿನ ಜನ ಅವರನ್ನ ದೊಡ್ಡಸ್ವಾಮಿಯೋರು ಅಂತಿದ್ದರು. ಸಿಡುಬಿನ ಲಸಿಕೆ ಹಾಕಿಸೋಕೆ ಓಡಾಡಿದವರು. ದೊಡ್ಡ ಗೋಪುರ ನಿರೀಕ್ಷಿಸಿ ಹೋದವರು ಎರಡು ನಿಮಿಷಕ್ಕೆ ವಾಪಸ್ ಬರ್ತಾರೆ, ಅದು ತಪ್ಪು. ಬಾಗಿಲು ಹಾಕಿದ್ದರೆ ಆವರಣದಲ್ಲಿ ಉಪದೇಶಿಯವರನ್ನೋ (ಧರ್ಮಪಾಠ ಹೇಳಿಕೊಡೋರು) ಫಾದರನ್ನೋ ವಿಚಾರಿಸಿ.

ಹೊಳೆ ಪಕ್ಕದ ಗ್ಯಾರಿಸನ್ ಸ್ಮಶಾನವನ್ನೂ ಸೇರಿಸಿಕೊಳ್ಳಿ. 1799ರಲ್ಲಿ ಟಿಪ್ಪು ಸತ್ತ ನಂತರ ಇಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ದಂಡಿನವರ ಗೋರಿಗಳು. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಸವೆದ ಅಕ್ಷರ ಓದೋಕೆ ಕೆಲವರು ಸೀಮೆಸುಣ್ಣ ತಿಕ್ಕುತ್ತಾರೆ. ದಯವಿಟ್ಟು ಬೇಡ, ಕಲ್ಲು ಇನ್ನಷ್ಟು ಸವೆಯುತ್ತೆ. ಮೊಬೈಲ್ ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿಯಿರಿ. ಅಕ್ಷರದ ಗುಂಡಿಯಲ್ಲಿ ನೆರಳು ಕೂತು ಹೆಸರು ತಾನೇ ಎದ್ದು ಕಾಣುತ್ತೆ. ಎದುರಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ.

ಇನ್ನೊಬ್ಬರು: ಪೂಜೆಗೇ ಕೂತರೆ ಹಿಂದಿನ ಬೆಂಚು ಹಿಡಿಯಿರಿ, ಎದ್ದು ನಿಲ್ಲೋದು ಕೂರೋದು ಮುಂದಿನವರನ್ನ ನೋಡಿ ಮಾಡಬಹುದು. ಮೊಣಕಾಲೂರುವಾಗ ಅಮ್ಮ ಕೂತೇ ಇರಲಿ, ಯಾರೂ ಏನೂ ಅಂದುಕೊಳ್ಳಲ್ಲ. ಪರಮಪ್ರಸಾದದ (ಪೂಜೆಯಲ್ಲಿ ಫಾದರ್ ಕೊಡೋ ರೊಟ್ಟಿ) ಸಾಲಿಗೆ ಮಾತ್ರ ಹೋಗಬೇಡಿ. ಅದು ದೇವಸ್ಥಾನದ ಪ್ರಸಾದದ ಥರ ಎಲ್ಲರಿಗೂ ಕೊಡೋದಲ್ಲ, ಗೊತ್ತಿಲ್ಲದೆ ಕೈಚಾಚಿ ಮುಜುಗರ ಪಡೋರು ಇದ್ದಾರೆ. ಚಪ್ಪಲಿ ವಿಷಯ ಊರಿಂದ ಊರಿಗೆ ಬೇರೆ, ಬಾಗಿಲಲ್ಲಿ ರಾಶಿ ಕಂಡರೆ ನೀವೂ ಬಿಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರದು) ಚರ್ಚುಗಳಿಗೆ ಮಾತ್ರ ಲೆಕ್ಕ ಉಲ್ಟಾ: ಸಾಮಾನ್ಯವಾಗಿ ಭಾನುವಾರದ ಆರಾಧನೆ ಹೊತ್ತಿಗೇ ತೆರೆದಿರೋದು. ಅದು ಮುಗಿದ ಕೂಡಲೇ ಸಭಾಪಾಲಕರನ್ನ (ಅಲ್ಲಿನ ಪಾದ್ರಿ) ಕೇಳಿ ನೋಡಿಕೊಳ್ಳಿ.

ಕೆ.ಆರ್. ನಗರದವರು: ನಮ್ಮ ಕಡೆಯ ಡೋರ್ನಹಳ್ಳಿ ಸಂತ ಅಂತೋಣಿಯವರ ಬಸಿಲಿಕಾ (ಪೋಪ್ ವಿಶೇಷ ಗೌರವ ಕೊಟ್ಟ ಚರ್ಚು) ಬಿಟ್ಟೇಬಿಟ್ಟಿರಲ್ಲ! ಅಲ್ಲಿ ಹರಕೆ ಹೊತ್ತು ಬರೋರಲ್ಲಿ ಎಲ್ಲಾ ಜಾತಿ, ಧರ್ಮದವರೂ ಇರ್ತಾರೆ. ಮಂಗಳವಾರ ಅಂತೋಣಿಯವರ ದಿನ, ರಶ್ಶು. ಜೂನ್ 13 ಹಬ್ಬ, ಅವತ್ತು ಮಂಡಿನೋವಿನವರನ್ನ ಕರೆತರಲೇಬೇಡಿ. ಬುಧವಾರ, ಗುರುವಾರ ಆದರೆ ಆರಾಮ.