ಪದಚರ್ಚೆ: ಡಬ್ಲಿನ್ ಮೊಕದ್ದಮೆಯಲ್ಲಿ ‘ಸಾರ್ವಭೌಮ’ ಯಾರು?

ಬಲ್ಲವರಿಗೆ ನಮಸ್ಕಾರ.

ಮೈಕ್ರೋಸಾಫ್ಟ್‌ಗೂ ಅಮೆರಿಕ ಸರ್ಕಾರಕ್ಕೂ ನಡೆದ ಡಬ್ಲಿನ್ ಇಮೇಲ್ ಮೊಕದ್ದಮೆಯ ಬಗ್ಗೆ ಬರೆಯಲು ಕೂತಿದ್ದೇನೆ. ಮೊದಲ ಪುಟದಲ್ಲೇ ಪದಗಳಿಗಾಗಿ ತಡಕಾಡುವಂತಾಗಿದೆ.

ಸಂಗತಿ ಇಷ್ಟು. 2013ರ ಡಿಸೆಂಬರಿನಲ್ಲಿ ಮಾದಕವಸ್ತು ಪ್ರಕರಣವೊಂದರ ತನಿಖೆಗೆಂದು ನ್ಯೂಯಾರ್ಕಿನ ಕೋರ್ಟು ಒಂದು ಖಾತೆಯ ಇಮೇಲ್‌ಗಳಿಗೆ ವಾರಂಟ್ ಹೊರಡಿಸಿತು. ಅಮೆರಿಕದಲ್ಲಿದ್ದ ಖಾತೆಯ ವಿವರವನ್ನು ಕಂಪನಿ ಕೊಟ್ಟಿತು. ಪತ್ರಗಳು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಕಂಪನಿಯ ಸರ್ವರಿನಲ್ಲಿದ್ದವು, ಅವನ್ನು ಕೊಡಲಿಲ್ಲ. ಎರಡು ದೇಶಗಳ ನಡುವೆ ಕಾನೂನು ನೆರವಿನ ಒಪ್ಪಂದವಿದೆ, ಆ ದಾರಿಯಲ್ಲಿ ಕೇಳಬಹುದು ಎಂದು ಐರ್ಲೆಂಡ್ ಸರ್ಕಾರವೂ ಕೋರ್ಟಿಗೆ ತಿಳಿಸಿತು.

ಐರ್ಲೆಂಡ್ ಕಾಪಾಡಿಕೊಳ್ಳಲು ಹೊರಟದ್ದನ್ನು ‘ಸಾರ್ವಭೌಮತ್ವ’ ಎಂದು ಬರೆದೆ. ಮನಸ್ಸು ಒಪ್ಪಲಿಲ್ಲ. ಸರ್ವಭೂಮಿಗೂ ಒಡೆಯನಾದವನು ಸಾರ್ವಭೌಮ. ಕಲ್ಯಾಣ ಚಾಲುಕ್ಯರ ಶಾಸನಗಳ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಎಂಬ ಬಿರುದಿನಲ್ಲಿರುವುದೂ ಇದೇ ಹಂಬಲ. ಮೂಲಾರ್ಥ ಹಿಡಿದರೆ, ಕಡಲಾಚೆಯ ಡಬ್ಲಿನ್ನಿಗೂ ಕೈಚಾಚಿದ ಅಮೆರಿಕವೇ ಇಲ್ಲಿ ಸಾರ್ವಭೌಮ. ನನ್ನ ಹೊಸ್ತಿಲು ದಾಟಬೇಡ ಎನ್ನುತ್ತಿರುವ ಪುಟ್ಟ ಐರ್ಲೆಂಡ್ ಅಲ್ಲ! ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೇ ‘ಸಾರ್ವಭೌಮ’ ಕೂತಿದೆ, ಅದನ್ನು ಕೀಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಸಂದರ್ಭಕ್ಕೆ ‘ಪರಮಾಧಿಕಾರ’ ವಾಸಿ. ನೆಲ ಅಂಗೈಯಗಲವೇ ಇರಲಿ, ಅಲ್ಲಿ ಅದಕ್ಕಿಂತ ಮೇಲಿನ ಅಧಿಕಾರವಿಲ್ಲ ಎಂಬುದಷ್ಟೇ ಅದರ ಅರ್ಥ.

ಇನ್ನು ‘ನ್ಯಾಯಿಕ ಅಧಿಕಾರವ್ಯಾಪ್ತಿ’, ಅಂದರೆ ಕೋರ್ಟಿನ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು. ಹಿಂದೊಮ್ಮೆ ರೈಲಿನಲ್ಲಿ ಬ್ಯಾಗು ಕಳೆದುಕೊಂಡು ದೂರು ಕೊಡಲು ಹೋದಾಗ, ಠಾಣೆಯಲ್ಲಿದ್ದವರು ಮುಚ್ಚಿದ ರಿಜಿಸ್ಟರಿನ ಮೇಲೆ ಕೈಯಿಟ್ಟುಕೊಂಡೇ “ಇದು ನಮ್ಮ ಸರಹದ್ದಿಗೆ ಬರಲ್ಲ ಸರ್” ಅಂದರು. ಅವತ್ತು ಹೊಟ್ಟೆ ಉರಿದಿತ್ತು, ಪದ ಮಾತ್ರ ನೆನಪಿನಲ್ಲಿ ಉಳಿಯಿತು. ‘ಸರಹದ್ದು ಮೀರಿದ ವಾರಂಟ್’ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಮೊಕದ್ದಮೆಯ ತಿರುಳೇ ಎರಡು ಕ್ರಿಯಾಪದಗಳ ಜಗಳ. ನಾವು ಎಲ್ಲಿಗೂ ಹೋಗಿ ಏನನ್ನೂ ಹುಡುಕುತ್ತಿಲ್ಲ, ಅಮೆರಿಕದ ಕಂಪನಿ ತನ್ನ ಕೈಯಲ್ಲಿರುವುದನ್ನು ‘ಹಾಜರುಪಡಿಸಲಿ’ ಎಂಬುದು ಸರ್ಕಾರದ ವಾದ. ಡಬ್ಲಿನ್‌ನಲ್ಲಿರುವ ಒಬ್ಬರ ಕಾಗದವನ್ನು ನಮ್ಮ ಕೈಯಿಂದ ‘ಜಪ್ತಿ’ ಮಾಡಿಸುತ್ತಿದ್ದೀರಿ ಎಂಬುದು ಕಂಪನಿಯ ವಾದ. 2016ರ ಜುಲೈ 14ರಂದು ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ಕೋರ್ಟು ಭಾಷೆಯಲ್ಲಿ ಎರಡೂ ಪದ ಸಿದ್ಧವಾಗಿರುವುದು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಈ ಭಾಗವನ್ನು ಎರಡು ಸಲ ಬರೆದೆ.

ಆಮೇಲೆ ಕಾನೂನೇ ಬದಲಾಯಿತು. 2018ರ ಮಾರ್ಚ್ 23ರಂದು ಬಂದ ಅಮೆರಿಕದ ಕ್ಲೌಡ್ ಕಾಯ್ದೆಯ ಪ್ರಕಾರ, ಮಾಹಿತಿ ದೇಶದೊಳಗಿರಲಿ ಹೊರಗಿರಲಿ, ಕಂಪನಿಯ ‘ಸ್ವಾಧೀನ, ಸುಪರ್ದಿ ಅಥವಾ ಹತೋಟಿ’ಯಲ್ಲಿದ್ದರೆ ಕೊಡಬೇಕು. ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇನ್ನು ತೀರ್ಮಾನಿಸಲು ಏನೂ ಉಳಿದಿಲ್ಲವೆಂದು ಮೊಕದ್ದಮೆ ಮುಗಿಸಿತು. ಅದೇ ವರ್ಷದ ಮೇ 25ರಿಂದ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್‌ನ 48ನೇ ವಿಧಿ ತದ್ವಿರುದ್ಧ ದಿಕ್ಕಿಗೆ ಎಳೆಯುತ್ತದೆ: ಹೊರದೇಶದ ಕೋರ್ಟಿನ ಇಂಥ ಆದೇಶಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಆಧಾರ ಇರಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಗೌಪ್ಯತೆ’. ಅನೇಕರು ‘ಖಾಸಗಿತನ’ದ ಜಾಗದಲ್ಲಿ ಇದನ್ನೇ ಬರೆಯುತ್ತಾರೆ. ಗೌಪ್ಯ ಅಂದೊಡನೆ ಏನೋ ಗುಟ್ಟಿದೆ, ಬಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅಂಟಿಕೊಳ್ಳುತ್ತದೆ. ನಮ್ಮ ಮನೆಗೆ ಇನ್‌ಲ್ಯಾಂಡ್ ಲೆಟರ್ ಬರುತ್ತಿದ್ದ ಕಾಲದಲ್ಲಿ, ಅತ್ತೆಯ ಹೆಸರಿನ ಕಾಗದವನ್ನು ಅಮ್ಮ ಒಡೆಯದೆ ದೇವರ ಗೂಡಿನ ಪಕ್ಕದಲ್ಲಿಡುತ್ತಿದ್ದಳು. ಒಳಗಿರುತ್ತಿದ್ದುದು ಮಳೆ, ಬೆಳೆ, ಯಾರದೋ ಕೆಮ್ಮು. ಗುಟ್ಟೇನೂ ಇರಲಿಲ್ಲ, ಆದರೂ ಅದು ಅತ್ತೆಯದು. 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಮೂಲಭೂತ ಹಕ್ಕೆಂದು ಸಾರಿದ್ದು ಇದನ್ನೇ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಾಗಿ ‘ಖಾಸಗಿತನ’ವನ್ನೇ ಉಳಿಸಿಕೊಂಡಿದ್ದೇನೆ.

ತಿಳಿದವರು ಹೇಳಬೇಕು: ಕ್ಲೌಡ್ ಕಾಯ್ದೆಯ ಆ ಮೂರು ಪದಗಳಲ್ಲಿ ‘ಸುಪರ್ದಿ’ (ಕಸ್ಟಡಿ) ಈಗಿನ ಓದುಗರಿಗೆ ಅರ್ಥವಾಗುತ್ತದೆಯೇ? ‘ವಶ’ ಎಂದರೆ ಅದು ‘ಸ್ವಾಧೀನ’ದ ಜೊತೆ ಕಲೆಸಿಹೋಗುತ್ತದೆ. ನಿಮ್ಮ ಕಡೆಯ ಕೋರ್ಟುಗಳಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.