ಏಳು ವರ್ಷ ಟೆಸ್ಟ್ ಮಾಡಿದರೂ ಆರ್ಮ್‌ಸ್ಟ್ರಾಂಗ್ ಸಿಕ್ಕಿಬೀಳಲಿಲ್ಲ ಯಾಕೆ?

ಬೆಳಗಿನ_ಪೆಡಲ್:
ಮಗ ಒಂಬತ್ತನೇ ಕ್ಲಾಸು. ಪ್ರತಿ ಜುಲೈನಲ್ಲಿ ನನ್ನ ಜೊತೆ ಕೂತು ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡುತ್ತಾನೆ. ಮೊನ್ನೆ ಗೆದ್ದವರ ಪಟ್ಟಿಯಲ್ಲಿ 1999ರಿಂದ 2005ರವರೆಗೆ ಹೆಸರೇ ಇಲ್ಲದ್ದನ್ನು ಕಂಡು, "ಆಗ ರೇಸೇ ನಡೀಲಿಲ್ವಾ ಅಪ್ಪಾ?" ಅಂದ. ಏಳು ಸಲವೂ ಗೆದ್ದ ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕದ್ದು ಔಷಧಿ ತೊಗೊಂಡಿದ್ದು (ಡೋಪಿಂಗ್) ಗೊತ್ತಾಗಿ ಪಟ್ಟಿಯಿಂದ ಹೆಸರು ತೆಗೆದ ಕಥೆ ಹೇಳಿದೆ. "ಏಳು ವರ್ಷ ಟೆಸ್ಟ್ ಮಾಡಿದವರು ಏನ್ ನೋಡ್ತಿದ್ರು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಿನವರನ್ನಾದರೂ ನಂಬಬಹುದಾ? ತಿಳಿದವರು ಹೇಳಿ.

ಲ್ಯಾಬ್_ಹುಬ್ಬಳ್ಳಿ:
ಸರ್, ನಾನು ಇಪ್ಪತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಸೈಕ್ಲಿಂಗ್ ಹುಚ್ಚು ಅದಕ್ಕಿಂತ ಹಳೆಯದು. ನನಗೆ ಗೊತ್ತಿರುವ ರಕ್ತದ ಕಡೆಯಿಂದ ಹೇಳುತ್ತೇನೆ.

ಈಗ ಎಲ್ಲಕ್ಕೂ ಮಷೀನ್ ಇದೆ. ನಾನು ಕಲಿತಾಗ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣದ ಪಾಲು, ನೋಡಲು ಸಪೂರ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ, ತುದಿ ಮುಚ್ಚಿ, ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸುತ್ತಿದ್ದೆವು. ಕೆಂಪು ಕಣ ಕೆಳಗೆ, ಹಳದಿ ನೀರು ಮೇಲೆ. ನೂರರಲ್ಲಿ ಕೆಂಪು ಎಷ್ಟು ಅನ್ನುವುದೇ ಲೆಕ್ಕ. ಕಿಡ್ನಿ ಕೆಟ್ಟವರಿಗೆ ಕೊಡುವ ಇಪಿಒ ಇಂಜೆಕ್ಷನ್ ತೊಗೊಂಡರೆ ಆ ಕೆಂಪು ಏರುತ್ತದೆ, ಸವಾರನ ಕಾಲಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ.

ಅದನ್ನು ಹಿಡಿಯುವ ಟೆಸ್ಟೇ ಇಲ್ಲದ ಕಾಲದಲ್ಲಿ, 1997ರಲ್ಲಿ, ಸೈಕ್ಲಿಂಗ್‌ನ ವಿಶ್ವ ಸಂಸ್ಥೆ ಯುಸಿಐ ಈ ಪಿಸಿವಿಗೆ 50ರಲ್ಲಿ ಗೆರೆ ಎಳೆಯಿತು. ದಾಟಿದರೆ 15 ದಿನ ರೇಸ್ ಇಲ್ಲ. ಆದರೆ 42 ಇದ್ದವನು 49ಕ್ಕೆ ಏರಿಸಿಕೊಂಡರೆ ಕೇಳುವವರಿಲ್ಲ. ಜಾಸ್ತಿಯಾಯಿತಾ, ಟೆಸ್ಟಿಗೆ ಮುಂಚೆ ಸಲೈನ್ ಹಾಕಿಸಿಕೊಂಡರೆ ಇಳಿಯುತ್ತದೆ. ಇಪಿಒಗೆ ಟೆಸ್ಟ್ ಬಂದದ್ದು 2000ರಲ್ಲಿ. ಆಮೇಲೆ ತಮ್ಮದೇ ರಕ್ತ ತೆಗೆದಿಟ್ಟು ವಾಪಸ್ ಏರಿಸಿಕೊಳ್ಳುವುದು ಹೆಚ್ಚಾಯಿತು. ಅವನದೇ ರಕ್ತ ಅವನ ಮೈಯಲ್ಲಿದ್ದರೆ ಏನಂತ ಹಿಡಿಯುತ್ತೀರಿ?

ಕೊನೆಗೆ ಸತ್ಯ ಹೊರಬಂದದ್ದು ಬಾಟಲಿಯಿಂದಲ್ಲ, ಬಾಯಿಂದ. 2012ರಲ್ಲಿ ಅಮೆರಿಕದ ಡೋಪಿಂಗ್ ತಡೆ ಸಂಸ್ಥೆ ಯುಎಸ್‌ಎಡಿಎ ಮುಂದೆ 26 ಜನ ಸಾಕ್ಷಿ ಹೇಳಿದರು. ಅದರಲ್ಲಿ 11 ಜನ ಅವನದೇ ತಂಡದಲ್ಲಿದ್ದವರು.

ಬೆಳಗಿನ_ಪೆಡಲ್:
ಹಾಗಾದರೆ ಈಗ ಏನು ಬದಲಾಗಿದೆ ಸರ್?

ಲ್ಯಾಬ್_ಹುಬ್ಬಳ್ಳಿ:
2008ರಿಂದ ಬಯಲಾಜಿಕಲ್ ಪಾಸ್‌ಪೋರ್ಟ್ ಇದೆ. ಔಷಧಿ ಹುಡುಕುವ ಬದಲು, ಒಬ್ಬನ ರಕ್ತವನ್ನು ಅವನದೇ ಹಳೆಯ ರಿಪೋರ್ಟ್‌ಗಳ ಪಕ್ಕ ಇಟ್ಟು ನೋಡುತ್ತಾರೆ. ಹೊರಗಿಂದ ರಕ್ತ ಏರಿಸಿದರೆ ಹಿಮೋಗ್ಲೋಬಿನ್ ಮೇಲೆ ಹೋಗುತ್ತದೆ, ರಕ್ತ ಕಣ ತಯಾರಿಸುವ ಮೂಳೆಯ ಮಜ್ಜೆ ಕೆಲಸ ನಿಧಾನ ಮಾಡುತ್ತದೆ, ಎಳೇ ಕೆಂಪು ಕಣ ಕಡಿಮೆಯಾಗುತ್ತವೆ. ನಮ್ಮ ಲ್ಯಾಬಿನಲ್ಲಿ ಹೀಗೆ ಒಂದು ಏರಿ ಇನ್ನೊಂದು ಇಳಿದ ರಿಪೋರ್ಟ್ ಬಂದರೆ ನಾನು ಸ್ಯಾಂಪಲ್ ಇನ್ನೊಮ್ಮೆ ಹಾಕುತ್ತೇನೆ. ಹೇಳದೆ ಬಂದು ಟೆಸ್ಟ್ ಮಾಡಲು, ದಿನಕ್ಕೆ ಒಂದು ಗಂಟೆ ಎಲ್ಲಿರುತ್ತೀರಿ ಅಂತ ದೊಡ್ಡ ಸವಾರರು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಡೋಪಿಂಗ್ ನಿಯಮ ಮುರಿದಂತೆ. 2021ರಿಂದ ಟೆಸ್ಟಿಂಗ್ ಯುಸಿಐನಿಂದ ಬೇರೆಯಾದ ಐಟಿಎ ಅನ್ನುವ ಅಂತರರಾಷ್ಟ್ರೀಯ ಟೆಸ್ಟಿಂಗ್ ಸಂಸ್ಥೆ ಕೈಯಲ್ಲಿದೆ. ಇದು ಒಳ್ಳೆಯದೇ. ಆಟ ನಡೆಸುವವರೇ ಕಾವಲು ಕಾಯಬಾರದು.

ಆದರೂ ಪೂರ್ತಿ ನಂಬಿ ಅನ್ನಲಾರೆ. ಸ್ವಲ್ಪ ಸ್ವಲ್ಪವೇ ತೊಗೊಂಡರೆ ಪಾಸ್‌ಪೋರ್ಟಿಗೂ ಕಾಣದೆ ಹೋಗಬಹುದು. 2019ರಲ್ಲಿ ಆಸ್ಟ್ರಿಯಾದ ಸೇಫೆಲ್ಡ್‌ನಲ್ಲಿ ಆಟಗಾರರಿಗೆ ರಕ್ತ ಏರಿಸುವ ಜಾಲ ಬಯಲಾದಾಗ ಬಾಗಿಲು ಬಡಿದದ್ದು ಟೆಸ್ಟ್ ಮಾಡುವವರಲ್ಲ, ಪೊಲೀಸರು. ಅದರಲ್ಲಿ ಸೈಕಲ್ ಸವಾರರೂ ಇದ್ದರು.

ಹಿಂದಿನ_ಚಕ್ರ:
ಮಗನಿಗೆ ಫ್ರಾನ್ಸ್‌ನ ಸವಾರ ಕ್ರಿಸ್ಟೋಫ್ ಬಾಸೋನ್ ಬಗ್ಗೆಯೂ ಹೇಳಿ. 1999ರ ಟೂರ್‌ನಲ್ಲಿ ಡೋಪಿಂಗ್ ಇನ್ನೂ ನಡೆಯುತ್ತಿದೆ ಅಂತ ಪತ್ರಿಕೆಯಲ್ಲಿ ಬರೆದರು. ರೇಸ್ ನಡುವೆ ಆರ್ಮ್‌ಸ್ಟ್ರಾಂಗ್ ಪಕ್ಕಕ್ಕೆ ಬಂದು ಮನೆಗೆ ಹೋಗು ಅಂದ. ಬೇರೆಯವರೂ ಮಾತು ಬಿಟ್ಟರು. ಬಾಸೋನ್ ಟೂರ್ ಮುಗಿಸಲಿಲ್ಲ. ಏಳು ಖಾಲಿ ಜಾಗಕ್ಕಿಂತ ನನಗೆ ಜಾಸ್ತಿ ನೋವಾಗುವುದು ಇದು.

ಬೆಳಗಿನ_ಪೆಡಲ್:
ರಾತ್ರಿ ಊಟಕ್ಕೆ ಕೂತಾಗ ಎಲ್ಲ ಓದಿ ಹೇಳಿದೆ. ಪಾಸ್‌ಪೋರ್ಟ್ ವಿಷಯ ಸುಮ್ನೆ ಕೇಳಿಸಿಕೊಂಡ. ಬಾಸೋನ್ ಬಂದಾಗ ತುತ್ತು ಕೈಯಲ್ಲೇ ಇತ್ತು, "ಆಮೇಲೆ ಅವರು ಏನಾದ್ರು?" ಅಂದ.

ಹಿಂದಿನ_ಚಕ್ರ:
ಸವಾರಿ ಬಿಟ್ಟ ಮೇಲೆ ಫ್ರಾನ್ಸ್‌ನ ಕ್ರೀಡಾ ಇಲಾಖೆ ಸೇರಿದರು, ಬೋರ್ದೋದಲ್ಲಿ. ಡೋಪ್ ಟೆಸ್ಟ್ ನೋಡಿಕೊಳ್ಳುವ ಕೆಲಸ.