ಎಲ್ಲೋ ಯುದ್ಧ ಆದರೆ ನಮಗೇನು ಅಂತಾರೆ ಮಾವ

ಗಿರಿನಗರ_ವಾಸಿ:
ನಿನ್ನೆ ಊಟಕ್ಕೆ ಕೂತಾಗ ಟಿವಿಯಲ್ಲಿ ಉಕ್ರೇನ್ ಸುದ್ದಿ ಬರುತ್ತಿತ್ತು. ಮಾವ ರಿಮೋಟ್ ತಗೊಂಡು ಚಾನೆಲ್ ಬದಲಿಸಿದರು. "ಯಾರದೋ ಮನೆ ಜಗಳ, ನಮಗ್ಯಾಕಪ್ಪಾ" ಅಂದರು. ಪಾಪ ಅನ್ನಿಸುತ್ತೆ ಅನ್ನೋದು ಬಿಟ್ಟು ನನಗೆ ಬೇರೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಭಾಷಣ ಬೇಡ, ನಿಮಗೇ ತಟ್ಟಿದ್ದು ಏನಾದರೂ ಇದ್ದರೆ ಹೇಳಿ.

ಬಜ್ಜಿ_ಬಾಣಲೆ:
ನಮ್ಮದು ಬೆಂಗಳೂರಿನ ಶ್ರೀನಗರದಲ್ಲಿ ಸಂಜೆ ಬಜ್ಜಿ ಗಾಡಿ. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾಯ್ತು, ಯುಗಾದಿ ಹೊತ್ತಿಗೆ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿ ಹತ್ತಿರ ಬಂದಿತ್ತು. ನಮ್ಮ ದೇಶ ಹೊರಗಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಜಾಸ್ತಿ ಪಾಲು ಉಕ್ರೇನಿನದೇ ಅಂತ ಆಗಲೇ ಗೊತ್ತಾಗಿದ್ದು. ಪಾಮೆಣ್ಣೆಗೆ ಹೋಗೋಣ ಅಂದರೆ ಏಪ್ರಿಲ್ ಕೊನೆಗೆ ಇಂಡೋನೇಷ್ಯಾದವರು ರಫ್ತೇ ನಿಲ್ಲಿಸಿದರು. ರೇಟು ಏರಿಸಿದರೆ ಗಿರಾಕಿ ಹೋಗುತ್ತಾರೆ, ಅದಕ್ಕೆ ತಟ್ಟೆಗೆ ನಾಲ್ಕಿದ್ದ ಬಜ್ಜಿ ಮೂರು ಮಾಡಿದೆವು. ಒಬ್ಬರು ತಾತ ದಿನಾ ಎಣಿಸೋರು.

ಒರಟು_ಮಾತು:
ಏರುವಾಗ ಯುದ್ಧದ ಹೆಸರು, ಇಳಿಯುವಾಗ ಎಲ್ಲರೂ ಗಪ್‌ಚುಪ್. ನಿಮ್ಮ ನಾಲ್ಕನೇ ಬಜ್ಜಿ ವಾಪಸ್ ಬಂತಾ ಸಾರ್?

ಬಜ್ಜಿ_ಬಾಣಲೆ:
ಇಲ್ಲ ಸಾರ್ 😀 ಕಡಲೆಹಿಟ್ಟು, ಸಿಲಿಂಡರ್ ಇಳಿಯಬೇಕಲ್ವಾ.

ರಾಣೆಬೆನ್ನೂರ್_ಹುಡುಗಿ:
ಎಣ್ಣೆ ವಿಷಯ ಸರಿ. ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಮೆಡಿಕಲ್ ಓದೋಕೆ ಉಕ್ರೇನಿನ ಖಾರ್ಕಿವ್‌ಗೆ ಹೋಗಿದ್ದ. 2022ರ ಮಾರ್ಚ್ 1ಕ್ಕೆ, ತಿನ್ನೋಕೆ ಏನಾದರೂ ತರೋಣ ಅಂತ ಹೊರಗೆ ಬಂದವನು ಶೆಲ್ ದಾಳಿಗೆ ಸತ್ತ. ದೇಹ ಬೆಂಗಳೂರು ಏರ್‌ಪೋರ್ಟಿಗೆ ಬಂದದ್ದು 21ನೇ ತಾರೀಕು. ಅಷ್ಟು ದಿನ ಮನೆಯವರು ಕಾದರು. ಇಲ್ಲಿ ಸೀಟಿಗೆ ಕೇಳುವ ದುಡ್ಡು ಹೊಂದಿಸೋಕಾಗದೆ ಅಲ್ಲಿಗೆ ಹೋದ ಮಕ್ಕಳು ಎಷ್ಟೋ ಜನ.

ಜೆಸಿನಗರದವನು:
ಇದು ಇವತ್ತಿನ ಕತೆ ಅಲ್ಲ. ಬೆಂಗಳೂರಿನ ನಮ್ಮ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆಯ ಸ್ಮಾರಕ ಇದೆ, ನೋಡಿದ್ದೀರಾ? ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲಿನ ಹೈಫಾ ಊರನ್ನು ತುರ್ಕರ ಕೈಯಿಂದ ಬಿಡಿಸಿದ ಪಡೆಯಲ್ಲಿ ಜೋಧ್‌ಪುರದವರ ಜೊತೆ ನಮ್ಮ ಮೈಸೂರು ಸವಾರರೂ ಇದ್ದರು. ಕುದುರೆ ಮೇಲೆ ಈಟಿ ಹಿಡಿದು ಹೋದರು, ಎದುರಿಗಿದ್ದದ್ದು ಮಷಿನ್ ಗನ್. ಬ್ರಿಟಿಷರ ಯುದ್ಧ ಅದು. ಹೋಗುತ್ತೀರಾ ಅಂತ ಆ ಸವಾರರನ್ನು ಯಾರು ಕೇಳಿದ್ದರೋ!

ಗಿರಿನಗರ_ವಾಸಿ:
ಮಾವನಿಗೆ ಎಲ್ಲಾ ಓದಿ ಹೇಳಿದೆ. ಹಾವೇರಿ ಹುಡುಗನ ವಿಷಯಕ್ಕೆ ಏನೂ ಅನ್ನಲಿಲ್ಲ. ಕೊನೆಗೆ, "ಆ ಸ್ಮಾರಕದ ಮುಂದೆ ಎಷ್ಟು ಸಲ ಸೈಕಲ್‌ನಲ್ಲಿ ಹೋಗಿದ್ದೀನಿ, ಯಾರದೋ ಸಮಾಧಿ ಅಂದ್ಕೊಂಡಿದ್ದೆ" ಅಂದರು.